ಒಪ್ಪದ ಅಂಕಣಕಾರರನ್ನು ಓದುವುದು ಬಿಡಬೇಕಾ? ನಿಮ್ಮ ಅನುಭವ ಹೇಳಿ

ಗಿರಿನಗರದ ಓದುಗಿ: ಒಬ್ಬ ಅಂಕಣಕಾರರನ್ನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಹತ್ತರಲ್ಲಿ ಆರು ಬರಹ ನನಗೆ ಒಪ್ಪಿಗೆಯಾಗುವುದಿಲ್ಲ. ಬರವಣಿಗೆ ಮಾತ್ರ ಚೆಂದ. ವರ್ಷದ ಚಂದಾ 1,200 ರೂಪಾಯಿ, ಮುಂದಿನ ವಾರ ಮುಗಿಯುತ್ತದೆ. ಓದಿದ ದಿನ ರಾತ್ರಿ ನಿದ್ದೆ ಹತ್ತುವುದಿಲ್ಲ, ಸುಮ್ನೆ ನಿಲ್ಲಿಸು ಅಂತಾರೆ ನಮ್ಮನೆಯವರು. ಇಂಥವರನ್ನು ಓದಿದ, ಬಿಟ್ಟ ಅನುಭವ ಇದ್ದವರು ದಯವಿಟ್ಟು ಹೇಳಿ.

ಹೆಬ್ಬಾಳ ದಾಟುವವ: ಬಿಡಬೇಡಿ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿದ್ದರಲ್ಲ, ಆಗ ನಾನು ಯಲಹಂಕದಿಂದ ವಿಧಾನಸೌಧದ ಕಡೆ ದಿನಾ ಬೈಕಲ್ಲಿ ಬರುತ್ತಿದ್ದೆ. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂವರೆ. ಸೇತುವೆ ಬೇಕೇ ಬೇಕು ಅಂತಿದ್ದೆ. ನಾನು ಓದುತ್ತಿದ್ದ ಅಂಕಣಕಾರರು ವಾರ ವಾರವೂ ಬೇಡ ಅಂತ ಬರೆದರು. 6.7 ಕಿಲೋಮೀಟರಿಗೆ 800ಕ್ಕೂ ಜಾಸ್ತಿ ಮರ ಹೋಗುತ್ತವೆ, ರಸ್ತೆ ಹೆಚ್ಚಿದಷ್ಟೂ ಗಾಡಿ ಹೆಚ್ಚುತ್ತವೆ ಅಂತ. ಸಿಟ್ಟಲ್ಲಿ ಒಂಬತ್ತು ಪುಟ ಉತ್ತರ ಬರೆದೆ. ಪತ್ರಿಕೆಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಹಾಕಲಿಲ್ಲ. ಐದು ಪುಟಕ್ಕೆ ಇಳಿಸಿ ಕಳಿಸಿದೆ. ಹಾಕಲಿಲ್ಲ. ಮೂರನೇ ಸಲ ಒಂದೂವರೆ ಪುಟ. ಪೋಸ್ಟಿಗೇ 80 ರೂಪಾಯಿ ಹತ್ತಿರ ಆಯಿತು.

ಆ ಒಂದೂವರೆ ಪುಟಕ್ಕೆ ಇಳಿಸುವಾಗ ಕಂಡಿತು, ನನ್ನ ಹತ್ತಿರ ಇದ್ದದ್ದು ಒಂದೇ ವಾದ: ನನಗೆ ಮನೆಗೆ ಹೋಗಲು ತಡವಾಗುತ್ತದೆ. ಮರದ ಮಾತಿಗೆ ಒಂದು ಸಾಲು ಉತ್ತರವೂ ಇರಲಿಲ್ಲ. ಹಾಗಂತ ನಾನು ಬದಲಾಗಲಿಲ್ಲ. ಸೇತುವೆ ಬೇಡ ಅಂತ ಅಕ್ಟೋಬರ್ 16ರಂದು ಜನ ಮಾಡಿದ ಮಾನವ ಸರಪಳಿಗೆ ಹೋಗಲಿಲ್ಲ. 2017ರ ಮಾರ್ಚಲ್ಲಿ ಸರ್ಕಾರ ಯೋಜನೆ ಕೈಬಿಟ್ಟಾಗ ಬೇಜಾರಾಯಿತು. ಆದರೆ ಈಗ ಯಾವ ರಸ್ತೆ, ಯಾವ ಸುರಂಗದ ಸುದ್ದಿ ಬಂದರೂ ಮೊದಲು ಡಿಪಿಆರ್, ಅಂದರೆ ಯೋಜನೆಯ ವಿವರವಾದ ವರದಿ, ಎಲ್ಲಿ ಅಂತ ಕೇಳುತ್ತೇನೆ. ಅದು ಅವರಿಂದ ಬಂದ ಅಭ್ಯಾಸ.

ವಿಜಯನಗರದ ಅಕ್ಕ: ನಾನು ಬಿಟ್ಟವಳು, ಬಿಟ್ಟಿದ್ದೇ ಒಳ್ಳೆಯದಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತಲ್ಲ, ಜಾಸ್ತಿ ಅಂದರೆ 60 ಇದ್ದದ್ದು 90 ಆಯಿತಲ್ಲ, ನನಗೆ ತಿಂಗಳಿಗೆ ಸುಮಾರು 900 ರೂಪಾಯಿ ಹೆಚ್ಚಿಗೆ ಬಿತ್ತು. ಮಗಳ ಟ್ಯೂಷನ್ ಒಂದು ಬಿಡಿಸಿದೆ. ಆ ವಾರ ನನ್ನ ಅಂಕಣಕಾರರು ಬರೆದರು, 2017ರಿಂದ ದರ ಏರಿಸಿರಲಿಲ್ಲ, ಸಾಲ ತೀರಿಸಬೇಕು, ಏರಿಸಿದ್ದು ಸರಿ ಅಂತ. ಅದನ್ನು ಮೆಟ್ರೋದಲ್ಲೇ ನಿಂತು ಓದಿದೆ. ಕೈ ನಡುಗುತ್ತಿತ್ತು. ತಲೆ ಎತ್ತಿದರೆ ವಿಜಯನಗರ ದಾಟಿ ಅತ್ತಿಗುಪ್ಪೆ ಬಂದಿತ್ತು. ಇಳಿದು ಮಳೆಯಿಲ್ಲದ ಬಿಸಿಲಲ್ಲಿ ವಾಪಸ್ ನಡೆದೆ. ಆ ಬರಹದ ಬಗ್ಗೆ ನನ್ನ ತಮ್ಮನ ಜೊತೆ ಮಾತಿಗೆ ಮಾತು ಬೆಳೆದು ಹತ್ತು ತಿಂಗಳು ಮಾತು ಬಿಟ್ಟೆವು. ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ. ಯಾರದೋ ಅಭಿಪ್ರಾಯಕ್ಕೆ ನಾನು ಇಷ್ಟು ಯಾಕೆ ತೆರಬೇಕು? ಒಂಬತ್ತು ಪುಟ ಬರೆಯುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ.

ಹೆಬ್ಬಾಳ ದಾಟುವವ: ಪುರುಸೊತ್ತಾ? ಮಕ್ಕಳು ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತು ಬರೆದದ್ದು ಮೇಡಂ. ನಿಮಗೆ ದುಬಾರಿಯಾದರೂ ಮೆಟ್ರೋ ಇದೆ. ನಮ್ಮ ಕಡೆ ಇನ್ನೂ ಕಂಬ ನೋಡಿಕೊಂಡೇ ಓಡಾಡುತ್ತಿದ್ದೇವೆ.

ವಿಜಯನಗರದ ಅಕ್ಕ: ಟಿಕೆಟ್ ದುಡ್ಡು ನೀವು ಕೊಡುತ್ತೀರಾ? ಇಲ್ಲ ಅಲ್ವಾ? ಹಾಗಾದರೆ ಆ ಮಾತು ಬೇಡ.

ರಾಜಾಜಿನಗರದ ಮೇಷ್ಟ್ರು: ಇಬ್ಬರೂ ಸ್ವಲ್ಪ ತಡೆಯಿರಿ. 1980ರಲ್ಲಿ ಲಂಕೇಶ್ ಪತ್ರಿಕೆ ಶುರುವಾದಾಗ ನಾನು ಬಿ.ಎ. ಓದುತ್ತಿದ್ದೆ. ಜಾಹೀರಾತೇ ಇಲ್ಲದೆ ಓದುಗರ ದುಡ್ಡಲ್ಲಿ ನಡೆದ ವಾರಪತ್ರಿಕೆ. ಅದರಲ್ಲಿ ಲಂಕೇಶರು ಬರೆಯುತ್ತಿದ್ದ "ಟೀಕೆ ಟಿಪ್ಪಣಿ" ಅಂಕಣ ಓದಿ ಸಿಟ್ಟು ಬಂದು ಮಡಚಿ ಎಸೆಯುತ್ತಿದ್ದೆ, ಊಟ ಮುಗಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದೆ. ಕೆಂಪು ಪೆನ್ಸಿಲ್ಲಲ್ಲಿ ಅಂಚಿಗೆ "ತಪ್ಪು" ಅಂತ ಬರೆಯುತ್ತಿದ್ದೆ. 2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡ ಸುದ್ದಿ ಕೇಳಿ, ಇಪ್ಪತ್ತು ವರ್ಷ ಮನಸ್ಸಲ್ಲೇ ಜಗಳ ಆಡುತ್ತಿದ್ದವರು ಹೋಗಿಬಿಟ್ಟರಲ್ಲ ಅಂತ ಆ ದಿನ ಶಾಲೆಯಲ್ಲಿ ಪಾಠ ಮಾಡಲಾಗಲಿಲ್ಲ. ಆಮೇಲೆ ಎರಡು ವರ್ಷ ನನ್ನ ಮನಸ್ಸಿಗೆ ಹಿತವಾಗಿ ಬರೆಯುವವರನ್ನೇ ಹುಡುಕಿ ಓದಿದೆ. ಒಂದು ಸಾಲೂ ನೆನಪಿಲ್ಲ.

ಹಳೇ ಸಂಚಿಕೆಗಳನ್ನು ಅವೆನ್ಯೂ ರಸ್ತೆಯಲ್ಲಿ ಬೈಂಡ್ ಮಾಡಿಸಿದ್ದೆ. 17 ಸಂಪುಟ, ಒಂದಕ್ಕೆ 85 ರೂಪಾಯಿ. 2009ರ ಮಳೆಗಾಲದಲ್ಲಿ 11 ಸಂಪುಟ ಗೆದ್ದಲು ತಿಂದಿತು. ಮಣ್ಣು ಒರೆಸಿದರೆ ಒಂದು ಪುಟದ ಅಂಚಲ್ಲಿ "ತಪ್ಪು" ಉಳಿದಿತ್ತು. ಯಾವ ಮಾತು ತಪ್ಪು ಅಂದಿದ್ದೆನೋ ಅದು ಹೋಗಿತ್ತು.

ಬಸವನಗುಡಿ ಪುಸ್ತಕದ ಹುಳು: ಮೇಷ್ಟ್ರೇ, ಓದಿ ಹೊಟ್ಟೆ ಉರಿಯಿತು. ನುಸಿ ಗುಳಿಗೆ ಇಟ್ಟಿರಲಿಲ್ಲವಾ? ಹಾಳೆ ಇಡುವವರು ಇಷ್ಟು ಅಜಾಗ್ರತೆ ಮಾಡಬಾರದು.

ರಾಜಾಜಿನಗರದ ಮೇಷ್ಟ್ರು: ಅಜಾಗ್ರತೆ ಅನ್ನಬೇಡಿ. ವರ್ಷಕ್ಕೆ ಎರಡು ಸಲ ಬೇವಿನ ಸೊಪ್ಪು ಒಣಗಿಸಿ ಇಡುತ್ತಿದ್ದೆ. ನುಸಿ ಗುಳಿಗೆಯ ವಾಸನೆ ನಮ್ಮ ತಾಯಿಗೆ ಆಗುತ್ತಿರಲಿಲ್ಲ, ಉಬ್ಬಸ ಬರುತ್ತಿತ್ತು.

ಬಸವನಗುಡಿ ಪುಸ್ತಕದ ಹುಳು: ಬೇವಿನ ಸೊಪ್ಪು ನುಸಿಗೆ ಸರಿ, ಗೆದ್ದಲು ತಡೆಯಲು ಸಾಲದು. ಗೆದ್ದಲು ಗೋಡೆಯ ಒಳಗಿಂದ ಬರುತ್ತದೆ. ಗೋಡೆಗೆ ತಾಗಿಸಿ ಬೀರು ಇಟ್ಟಿರುತ್ತೀರಿ, ಅದೇ ತಪ್ಪು. ಮೂವತ್ತು ವರ್ಷದಿಂದ ಪುಸ್ತಕ ಇಟ್ಟುಕೊಂಡಿದ್ದೇನೆ, ಗೊತ್ತಿದ್ದೇ ಹೇಳುತ್ತಿದ್ದೇನೆ.

ಗಿರಿನಗರದ ಓದುಗಿ: ನನ್ನ ಚಂದಾ ಮಂಗಳವಾರ ಮುಗಿಯುತ್ತದೆ. ಆರು ತಿಂಗಳಿಗೆ ಮಾತ್ರ ಕಟ್ಟಬಹುದಾ?

ವಿಜಯನಗರದ ಅಕ್ಕ: ಕಟ್ಟುವುದಾದರೆ ಬೆಳಿಗ್ಗೆ ಓದಿ. ರಾತ್ರಿ ಬೇಡ. ಮೆಟ್ರೋದಲ್ಲಂತೂ ಬೇಡವೇ ಬೇಡ.

ರಾಜಾಜಿನಗರದ ಮೇಷ್ಟ್ರು: ಗೋಡೆಯ ಮಾತು ನೀವು ಹೇಳುವ ಧಾಟಿ ಹಿಡಿಸಲಿಲ್ಲ. ಆದರೂ ಈಗ ಎದ್ದು ಹೋಗಿ ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆದು ಬಂದೆ. ಉಳಿದ ಆರು ಸಂಪುಟ ಅದರಲ್ಲೇ ಇವೆ.