ಆಡಿ ಟಿಟಿ ಕೊಟ್ಟು ಆಫೀಸಿಗೆ ಓಡಾಡೋ ಕಾರು ತಗೋಬೇಕು: ಹೈಬ್ರಿಡ್ಡೋ, ಸ್ವಿಫ್ಟೋ, ಇವಿಯೋ?

ಬನಶಂಕರಿ_ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು 2016ರ ಆಡಿ ಟಿಟಿ 45 ಟಿಎಫ್‌ಎಸ್‌ಐ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, 58,000 ಕಿ.ಮೀ. ಓಡಿದೆ, ಕೆಎ ನಂಬರ್, ಸರ್ವಿಸ್ ರೆಕಾರ್ಡ್ ಪೂರ್ತಿ ಇದೆ. ಆಫೀಸು ವಾರಕ್ಕೆ ಎರಡು ದಿನ ಇದ್ದದ್ದು ಈಗ ಐದು ದಿನ ಆಗಿದೆ. ಬನಶಂಕರಿಯಿಂದ ವೈಟ್‌ಫೀಲ್ಡ್, ಸಿಲ್ಕ್ ಬೋರ್ಡ್ ದಾಟಿ, ಹೋಗಿ ಬರೋದು 50 ಕಿ.ಮೀ. ತಿಂಗಳಿಗೊಮ್ಮೆ ಮೈಸೂರು, ಅದು 300. ಟ್ರಾಫಿಕ್‌ನಲ್ಲಿ ಲೀಟರಿಗೆ 7 ಬರ್ತಿದೆ.

ಟಿಟಿ ಮಾರಿ ಆಟೋಮ್ಯಾಟಿಕ್ ಕಾರು ತಗೊಳ್ಳೋ ಯೋಚನೆ. ಮನಸ್ಸಲ್ಲಿ ಇರೋದು ಹೊಸ ಹೋಂಡಾ ಸಿಟಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಇರೋದು), ಸ್ವಿಫ್ಟ್ ಎಎಂಟಿ, ಫೋಕ್ಸ್‌ವ್ಯಾಗನ್ ವರ್ಟಸ್ 1.0 ಟರ್ಬೊ, ಇಲ್ಲಾ ಒಂದು ಇವಿ (ಎಲೆಕ್ಟ್ರಿಕ್ ಕಾರು). ಅಪಾರ್ಟ್‌ಮೆಂಟು, ಬೇಸ್‌ಮೆಂಟ್‌ನಲ್ಲಿ ಸ್ವಂತ ಪಾರ್ಕಿಂಗ್ ಇದೆ. ಯಾವುದರಲ್ಲಿ ದುಡ್ಡು ನಿಜವಾಗ್ಲೂ ಉಳಿಯುತ್ತೆ? ಟಿಟಿ ಮಾರೋ ಮುಂಚೆ ಏನೇನು ಮಾಡಿಸಬೇಕು?

ಲೆಕ್ಕದ_ಗಾಡಿ

ಸರ್, ಮೊದಲು ನಿಮ್ಮ ಓಟದ ಲೆಕ್ಕ. ಆಫೀಸಿಗೆ 22 ದಿನಕ್ಕೆ 1,100, ಮೈಸೂರಿಗೆ 300, ಒಟ್ಟು ತಿಂಗಳಿಗೆ 1,400 ಕಿ.ಮೀ.

ಟಿಟಿಗೆ ಊರೊಳಗೆ 157 ಲೀಟರ್, ಹೈವೇಲಿ 12 ಅಂದ್ರೆ 25 ಲೀಟರ್. ಅದಕ್ಕೆ 95 ಆಕ್ಟೇನ್ ಪೆಟ್ರೋಲ್ ಬೇಕು, ಲೀಟರಿಗೆ ಸುಮಾರು 110 ರೂ. ಹಿಡಿದರೆ ತಿಂಗಳಿಗೆ 20,000. ಹೋಂಡಾ ಹೈಬ್ರಿಡ್ ಇದೇ ರಸ್ತೇಲಿ 20ರ ಆಸುಪಾಸು ಕೊಡುತ್ತೆ: 69 ಲೀಟರ್, 103ರ ಲೆಕ್ಕದಲ್ಲಿ 7,100 ರೂ. ಸ್ವಿಫ್ಟ್ ಎಎಂಟಿ ಊರಲ್ಲಿ 13, ಹೈವೇಲಿ 20 ಅಂದ್ಕೊಳ್ಳಿ: 100 ಲೀಟರ್, 10,300. ವರ್ಟಸ್ ಟರ್ಬೊ ಸಿಲ್ಕ್ ಬೋರ್ಡ್‌ನಲ್ಲಿ ಒಂಬತ್ತೂವರೆ ದಾಟೋದು ಕಷ್ಟ: ಹೈವೇಲಿ ಜಾಸ್ತಿ ಬಂದರೂ ಒಟ್ಟು 134 ಲೀಟರ್, 13,800. ಇವಿ ಕಿಲೋಮೀಟರಿಗೆ 0.14 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿಸಿದರೆ 220 ಯೂನಿಟ್ ಚಿಲ್ಲರೆ. ತೆರಿಗೆ ಸೇರಿ ಏಳೂವರೆ ರೂಪಾಯಿ ಇಟ್ಟುಕೊಂಡರೆ 1,700 ರೂ. ಒಳಗೆ.

ಕಂಪನಿ ಹೇಳೋ ಮೈಲೇಜ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಹೋಂಡಾದ 27.13, ಸ್ವಿಫ್ಟ್‌ನ 25.75 ಎಲ್ಲಾ ಲ್ಯಾಬಿನಲ್ಲಿ, ಎಸಿ ಇಲ್ಲದೆ, ರೋಲರ್ ಮೇಲೆ ಓಡಿಸಿ ತೆಗೆದದ್ದು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗೋ ಹೈಬ್ರಿಡ್ಡು ಆ ಅಂಕಿಗೆ ಸ್ವಲ್ಪ ಹತ್ತಿರ ಬರುತ್ತೆ. ಟರ್ಬೊ ಪೆಟ್ರೋಲ್ ತೀರಾ ಕೆಳಗೆ ಇಳಿಯುತ್ತೆ, ಯಾಕಂದ್ರೆ ಪ್ರತಿ ಸಲ ನಿಂತ ಜಾಗದಿಂದ ಎಳೆಯೋವಾಗ ಟರ್ಬೊ ಒಳಗೆ ತಳ್ಳೋ ಹೆಚ್ಚಿನ ಗಾಳಿಗೆ ತಕ್ಕ ಪೆಟ್ರೋಲ್ ಸುರಿಯಲೇಬೇಕು.

ಈಗ ಅಸಲು ವಿಷಯ. ಹೊಸ ಹೈಬ್ರಿಡ್ ಆನ್‌ರೋಡ್ 24 ಲಕ್ಷದ ಆಸುಪಾಸು. ಸ್ವಿಫ್ಟ್‌ಗಿಂತ ತಿಂಗಳಿಗೆ ಉಳಿಸೋದು 3,200, ವರ್ಷಕ್ಕೆ 38,000. ಎರಡು ಕಾರಿನ ಬೆಲೆ ವ್ಯತ್ಯಾಸ 10 ಲಕ್ಷದ ಮೇಲೆ. ಪೆಟ್ರೋಲ್ ಉಳಿತಾಯದಿಂದ ಅದು ಯಾವತ್ತೂ ವಾಪಸ್ ಬರಲ್ಲ. ಹೊಸ ಕಾರು ಮೊದಲ ಮೂರು ವರ್ಷದಲ್ಲಿ ಕಳೆದುಕೊಳ್ಳೋ ಬೆಲೆ ನೀವು ಉಳಿಸೋ ಪೆಟ್ರೋಲಿಗಿಂತ ದೊಡ್ಡದು. ನಿಮ್ಮ ಟಿಟಿ ಆ ನಷ್ಟ ಆಗ್ಲೇ ತಿಂದು ಮುಗಿಸಿದೆ, ಇನ್ನು ನಿಧಾನಕ್ಕೆ ಇಳಿಯುತ್ತೆ.

ಅದಕ್ಕೆ ಹೈಬ್ರಿಡ್ಡೇ ಬೇಕು ಅಂದ್ರೆ ಎರಡು ಮೂರು ವರ್ಷ ಓಡಿದ್ದು ತಗೊಳ್ಳಿ. ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 10ರಿಂದ 20 ಲಕ್ಷದ ಕಾರಿಗೆ 17%, ಅದರ ಮೇಲೆ ಸೆಸ್ ಬೇರೆ. ಕೆಎ ನಂಬರಿನ ಸೆಕೆಂಡ್ ಹ್ಯಾಂಡ್ ಕಾರಿಗೆ ಇದನ್ನು ಮೊದಲ ಓನರ್ ಕಟ್ಟಿಬಿಟ್ಟಿರ್ತಾರೆ, ನಿಮಗೆ ಟ್ರಾನ್ಸ್‌ಫರ್ ಫೀ ಮಾತ್ರ. ಹೊಸದೇ ಬೇಕಂದ್ರೆ ಸ್ವಿಫ್ಟ್ ಕಡೆ ನೋಡಿ: 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%. ಹೋಂಡಾ ಸಿಟಿ ಉದ್ದದಲ್ಲೇ ಅದನ್ನು ಮೀರೋದರಿಂದ 40%ರಲ್ಲಿ ಬರುತ್ತೆ.

ಇನ್ನೊಂದು ಮಾತು. ಬನಶಂಕರಿ ಹಸಿರು ಮಾರ್ಗದಲ್ಲಿದೆ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ನೇರಳೆ ಮಾರ್ಗ 2023ರಿಂದ ವೈಟ್‌ಫೀಲ್ಡ್ ತನಕ ಹೋಗುತ್ತೆ. ವಾರಕ್ಕೆ ಎರಡು ದಿನ ಮೆಟ್ರೋ ಹಿಡಿದರೂ ಮೇಲಿನ ಲೆಕ್ಕ ಪೂರ್ತಿ ಸ್ವಿಫ್ಟ್ ಕಡೆಗೇ ವಾಲುತ್ತೆ.

ಸ್ಪ್ಯಾನರ್_ಸೆಟ್

ಲೆಕ್ಕ ಸರಿಯಾಗಿದೆ. ಆದರೆ ಟಿಟಿಯ 230 ಪಿಎಸ್ ಪವರ್, 370 ಎನ್‌ಎಂ ಟಾರ್ಕ್ (ಎಳೆಯೋ ಬಲ) ಓಡಿಸಿದ ಕೈಗೆ ಎಎಂಟಿ ಕೊಟ್ಟರೆ ಆರು ತಿಂಗಳಲ್ಲಿ ಅದನ್ನೂ ಮಾರಬೇಕು ಅನ್ಸುತ್ತೆ, ಎರಡೆರಡು ಸಲ ನಷ್ಟ. ಹಾಗಾಗಿ ಗೇರ್‌ಬಾಕ್ಸ್ ಮೊದಲು ಆರಿಸಿ, ಕಾರು ಆಮೇಲೆ.

ಎಎಂಟಿ ಅಂದ್ರೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋ, ಗೇರ್ ಬದಲಿಸೋ ಕೆಲಸ ಮಾತ್ರ ಮೆಷಿನ್ನಿನದು. ಒಂದರಿಂದ ಎರಡಕ್ಕೆ ಹೋಗೋವಾಗ ತಲೆ ಮುಂದಕ್ಕೆ ವಾಲುತ್ತೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸಿದರೆ ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತೆ. ವರ್ಟಸ್ 1.0ರಲ್ಲಿ ಇರೋದು 6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಪವರ್ ದಾಟಿಸೋ ಆಟೋಮ್ಯಾಟಿಕ್), ಟ್ರಾಫಿಕ್‌ಗೆ ಗಟ್ಟಿ. 1.5ಕ್ಕೆ ಹೋಗಬೇಡಿ: ಅದರ 7 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್) ಒಣ ಕ್ಲಚ್ಚಿನದು, ನಿಮ್ಮ ಟಿಟಿಯಲ್ಲಿರೋ ಹಾಗೆ ಎಣ್ಣೆಯಲ್ಲಿ ಮುಳುಗಿರೋ ಕ್ಲಚ್ ಅಲ್ಲ. ಇಂಚಿಂಚು ತೆವಳೋ ಟ್ರಾಫಿಕ್‌ನಲ್ಲಿ ಬಿಸಿ ಆಗೋದು ಅದೇ.

ಹೋಂಡಾ ಹೈಬ್ರಿಡ್‌ನಲ್ಲಿ ಮಾಮೂಲಿ ಗೇರ್‌ಬಾಕ್ಸೇ ಇಲ್ಲ. ನಿಧಾನ ಓಟದಲ್ಲಿ ಚಕ್ರ ತಿರುಗಿಸೋದು ಮೋಟರ್, 253 ಎನ್‌ಎಂ. ಎಂಜಿನ್ ಜನರೇಟರ್ ತಿರುಗಿಸುತ್ತೆ. ಹೈವೇಲಿ ಒಂದೇ ವೇಗದಲ್ಲಿ ಹೋಗ್ತಿದ್ದಾಗ ಮಾತ್ರ ಒಂದು ಕ್ಲಚ್ ಕಚ್ಚಿ ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತೆ. ಜರ್ಕ್ ಅನ್ನೋದು ಗೊತ್ತೇ ಆಗಲ್ಲ. ಟಿಟಿ ಬಿಟ್ಟು ಬರೋರಿಗೆ ಈ ಪಟ್ಟಿಯಲ್ಲಿ ನಾನು ಹೇಳೋದು ಇದನ್ನೇ. ಒಂದೇ ಕೊರತೆ, ಡಿಕ್ಕಿ 306 ಲೀಟರ್. ಮಾಮೂಲಿ ಪೆಟ್ರೋಲ್ ಸಿಟಿಯದು 506.

ಟಿಟಿ ಮಾರೋ ಮುಂಚೆ ಮಾಡಿಸಬೇಕಾದ್ದು. 60,000ಕ್ಕೆ ಡಿಎಸ್‌ಜಿ ಎಣ್ಣೆ ಮತ್ತು ಫಿಲ್ಟರ್ ಬರುತ್ತೆ, ಈಗಲೇ ಮಾಡಿಸಿ ಬಿಲ್ ಇಟ್ಟುಕೊಳ್ಳಿ, ಟಿಟಿ ತಿಳಿದಿರೋ ಗಿರಾಕಿ ಮೊದಲು ಕೇಳೋದೇ ಅದು. ಲೆವೆಲ್ ನೋಡೋವಾಗ ಎಣ್ಣೆ 35ರಿಂದ 45 ಡಿಗ್ರಿ ಇರಬೇಕು, ಸ್ಕ್ಯಾನರ್ ಹಾಕಿ ನೋಡದೆ ಬರೀ ಅಂದಾಜಿನಲ್ಲಿ ತುಂಬೋ ಗ್ಯಾರೇಜಿಗೆ ಕೊಡಬೇಡಿ. ಹಿಂದಿನ ಹ್ಯಾಲ್ಡೆಕ್ಸ್ (ಹಿಂದಿನ ಚಕ್ರಕ್ಕೆ ಪವರ್ ಕಳಿಸೋ ಕ್ಲಚ್) ಎಣ್ಣೆ ಮೂರು ವರ್ಷಕ್ಕೊಮ್ಮೆ. ಎಣ್ಣೆ ಬದಲಿಸಿದರೆ ಸಾಲದು, ಪಂಪ್ ಬಿಚ್ಚಿ ಅದರ ಸಣ್ಣ ಜಾಲರಿ ತೊಳೆಯಬೇಕು. ಕ್ಲಚ್ ಪುಡಿ ಮೆತ್ತಿಕೊಂಡು ಜಾಲರಿ ಕಟ್ಟಿದರೆ ಪಂಪ್ ಸುಟ್ಟುಹೋಗುತ್ತೆ, ಹಿಂದಿನ ಚಕ್ರಕ್ಕೆ ಪವರ್ ಹೋಗಲ್ಲ.

ಬಾನೆಟ್ ಎತ್ತಿ ಕೂಲಂಟ್ ಬಾಟಲಿ ನೋಡಿ. ಲೆವೆಲ್ ತಿಂಗಳಿಂದ ತಿಂಗಳಿಗೆ ಇಳೀತಿದ್ರೆ, ಇನ್‌ಟೇಕ್ ಕೆಳಗೆ ಗುಲಾಬಿ ಬಣ್ಣದ ಒಣ ಪುಡಿ ಕಂಡ್ರೆ, ವಾಟರ್ ಪಂಪ್-ಥರ್ಮೋಸ್ಟಾಟ್ ಜೋಡಿಯ ಪ್ಲಾಸ್ಟಿಕ್ ಮನೆ ಸೋರ್ತಿದೆ ಅಂತ. ಆ ಎಂಜಿನ್ನಿನ ಗೊತ್ತಿರೋ ಕಾಯಿಲೆ ಅದು. ಟೈರ್ 245/40 ಆರ್18 ನಾಲ್ಕೂ ಒಂದೇ ಬ್ರ್ಯಾಂಡ್ ಇರಲಿ, ಮುಂದಿನ-ಹಿಂದಿನ ಸವೆತದ ವ್ಯತ್ಯಾಸ 2 ಮಿ.ಮೀ. ಒಳಗೆ ಇರಲಿ. ರೀಮ್ಯಾಪ್ (ಪವರ್ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದರೆ ಕಂಪನಿಯ ಮೂಲ ಫೈಲ್ ವಾಪಸ್ ಹಾಕಿಸಿ, ಮಾಡಿಸಿದ್ದನ್ನ ಗಿರಾಕಿಗೆ ಮುಚ್ಚಿಡಬೇಡಿ.

ಬೇಸ್‌ಮೆಂಟ್_ಬಿ2

ಇವಿ ಚಾರ್ಜಿಂಗ್ ವಿಷಯ ಯಾರೂ ಮುಟ್ಟಿಲ್ಲ. ತಿಂಗಳಿಗೆ 1,700 ರೂ. ಅನ್ನೋದು ನಿಮ್ಮ ಪಾರ್ಕಿಂಗ್‌ನಲ್ಲೇ ಚಾರ್ಜ್ ಆದರೆ ಮಾತ್ರ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ ಬೆಲೆ ಎರಡು ಮೂರು ಪಟ್ಟು. ಅದಕ್ಕೆ ಕಾರು ನೋಡೋ ಮುಂಚೆ ಮೀಟರ್ ಪ್ಯಾನಲ್‌ನಿಂದ ನಿಮ್ಮ ಪಾರ್ಕಿಂಗ್ ತನಕ ಟೇಪ್ ಹಿಡಿದು ಅಳೀರಿ, ಗೋಡೆ ಹತ್ತಿ ಇಳಿಯೋ ದಾರಿ ಸೇರಿಸಿ.

7.2 ಕಿಲೋವ್ಯಾಟ್ ಚಾರ್ಜರ್ ಗಂಟೆಗಟ್ಟಲೆ 32 ಆಂಪಿಯರ್ ಎಳೆಯುತ್ತೆ. 30 ಮೀಟರ್ ಒಳಗೆ 6 ಚದರ ಮಿ.ಮೀ. ತಾಮ್ರದ ಕೇಬಲ್ ನಡೆಯುತ್ತೆ, ಅದಕ್ಕಿಂತ ದೂರ ಇದ್ರೆ 10ಕ್ಕೆ ಹೋಗಿ, ಇಲ್ಲಾಂದ್ರೆ ಚಾರ್ಜರ್ ತಲುಪೋಷ್ಟರಲ್ಲಿ ವೋಲ್ಟೇಜ್ ಇಳಿಯುತ್ತೆ. ಈ ಲೈನಿಗೇ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಆಫ್ ಆಗೋ ಬ್ರೇಕರ್), 30 ಮಿಲಿಆಂಪಿಯರ್ ಟೈಪ್ ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗೋ ಬ್ರೇಕರ್) ಹಾಕಿಸಿ. ಹಾಕಿದ ಮೊದಲ ದಿನವೇ ಚಾರ್ಜರ್ ಕೆಂಪು ದೀಪ ತೋರಿಸಿದರೆ ಬಹುತೇಕ ಅರ್ಥಿಂಗ್ ದೋಷ. ಮಲ್ಟಿಮೀಟರ್ ಹಾಕಿ ನ್ಯೂಟ್ರಲ್-ಅರ್ತ್ ಮಧ್ಯೆ ನೋಡಿ, 5 ವೋಲ್ಟ್ ದಾಟಿದ್ರೆ ಹೊಸ ಅರ್ಥ್ ಪಿಟ್ ಬೇಕಾಗುತ್ತೆ.

ನಿಮ್ಮ ದಿನದ 50 ಕಿ.ಮೀ.ಗೆ 7.2 ಬೇಕೇ ಬೇಕು ಅಂತಿಲ್ಲ. 15 ಆಂಪಿಯರ್ ಸಾಕೆಟ್ಟಲ್ಲಿ ರಾತ್ರಿ ಮೂರು-ನಾಲ್ಕು ಗಂಟೆ ಚಾರ್ಜ್ ಮಾಡಿದರೆ ಅದಕ್ಕೆ ಬೇಕಾದ 8 ಯೂನಿಟ್ ತುಂಬುತ್ತೆ. ಆದರೆ ಸಾಕೆಟ್ ಒಳ್ಳೇದಿರಬೇಕು. ಅರ್ಧ ಗಂಟೆ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ, ಕೈ ಇಡಕ್ಕಾಗದಷ್ಟು ಬಿಸಿ ಇದ್ರೆ ಒಳಗಿನ ಸ್ಕ್ರೂ ಸಡಿಲ, ಅವತ್ತೇ ನಿಲ್ಲಿಸಿ.

ಅಸೋಸಿಯೇಷನ್ ಅಡ್ಡ ಬಂದ್ರೆ ಜಗಳ ಬೇಡ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಇವಿ ಚಾರ್ಜಿಂಗ್‌ಗೆ ಬೇರೆ ಕನೆಕ್ಷನ್ ಕೇಳೋ ಅವಕಾಶ ಇದೆ. ಅದರ ಪ್ರಿಂಟ್ ಜೊತೆ, ಕೇಬಲ್ ಹೋಗೋ ದಾರಿಯ ಕೈಬರಹದ ನಕ್ಷೆ ಇಟ್ಟು ಅರ್ಜಿ ಕೊಡಿ. ಕಮಿಟಿಯವರ ಭಯ ಬೆಂಕಿ ಬಗ್ಗೆ, ಬ್ರೇಕರ್ ವಿವರ ಬರೆದು ಕೊಟ್ಟರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತೆ.

ಬನಶಂಕರಿ_ಸವಾರ

ತುಂಬಾ ಉಪಕಾರ ಆಯ್ತು. ಅಳೆದು ನೋಡಿದೆ, ಪ್ಯಾನಲ್‌ನಿಂದ 70 ಮೀಟರ್ ಮೇಲಾಗುತ್ತೆ, ಎರಡು ಫೈರ್ ಗೋಡೆ ಬೇರೆ ಕೊರೀಬೇಕು. ಹಾಗಾಗಿ ಇವಿ ಸದ್ಯಕ್ಕೆ ಬೇಡ. ಸೆಕೆಂಡ್ ಹ್ಯಾಂಡ್ ಹೋಂಡಾ ಹೈಬ್ರಿಡ್ ಹುಡುಕ್ತೀನಿ. ಎರಡು ಪ್ರಶ್ನೆ: ಟಿಟಿಗೆ ಡೀಲರ್ ತೀರಾ ಕಡಿಮೆ ಹೇಳ್ತಿದ್ದಾರೆ, ಪಾರ್ಕ್ ಅಂಡ್ ಸೇಲ್‌ಗೆ (ಕಾರು ಡೀಲರ್ ಹತ್ರ ನಿಲ್ಲಿಸಿ, ಗಿರಾಕಿ ಸಿಕ್ಕ ಮೇಲೆ ದುಡ್ಡು ತಗೊಳ್ಳೋದು) ಬಿಡಬಹುದಾ? ಹೈಬ್ರಿಡ್ ನೋಡೋವಾಗ ಏನು ಪರೀಕ್ಷೆ ಮಾಡಬೇಕು?

ಆರ್‌ಸಿ_ಕಾರ್ಡ್

ಪಾರ್ಕ್ ಅಂಡ್ ಸೇಲ್ ಟಿಟಿಯಂಥ ಕಾರಿಗೆ ಸರಿಯಾದ ದಾರಿ. ಎರಡು ಬಾಗಿಲಿನ ಕಾರಿಗೆ ಗಿರಾಕಿ ಕಡಿಮೆ. ಡೀಲರ್ ತನ್ನ ದುಡ್ಡು ಹಾಕಿ ತಿಂಗಳುಗಟ್ಟಲೆ ನಿಲ್ಲಿಸಬೇಕು, ಅದಕ್ಕೇ ಕೇಳೋ ರೇಟು ಕಡಿಮೆ. ಆದರೆ ಕಾಗದ ಇಲ್ಲದೆ ಕೀ ಕೊಡಬೇಡಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಸೆಕೆಂಡ್ ಹ್ಯಾಂಡ್ ಡೀಲರ್ ಆರ್‌ಟಿಒ ಅನುಮತಿ ಪಡೆದಿರಬೇಕು. ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ಇಬ್ಬರೂ ಪೋರ್ಟಲ್‌ನಲ್ಲಿ ತಿಳಿಸಬೇಕು. ಅಲ್ಲಿಂದ ಗಾಡಿಯ ಜವಾಬ್ದಾರಿ ಡೀಲರ್‌ದು.

ಇದು ಯಾಕೆ ಮುಖ್ಯ ಅಂದ್ರೆ, 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಅಪಘಾತದ ಪರಿಹಾರವೂ ಅವರ ಮೇಲೇ ಬರುತ್ತೆ. ನೇರವಾಗಿ ಮಾರಿದರೆ ಫಾರಂ 29, 30ಕ್ಕೆ ಸಹಿ, 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ದಿನಾಂಕ ಬರೆಯದ ಖಾಲಿ ಫಾರಂಗೆ ಸಹಿ ಹಾಕಿ ಕೊಡಲೇಬೇಡಿ. ಲೋನ್ ತೀರಿದ್ದರೆ ಫಾರಂ 35 ಹಾಕಿ ಹೈಪಾಥಿಕೇಷನ್ (ಆರ್‌ಸಿಯಲ್ಲಿರೋ ಸಾಲ ಕೊಟ್ಟವರ ಹೆಸರು) ತೆಗೆಸಿ. ಗಿರಾಕಿ ಬೇರೆ ರಾಜ್ಯದವರಾದ್ರೆ ಫಾರಂ 28ರ ಎನ್‌ಒಸಿ, ಅದಕ್ಕೂ ಮುಂಚೆ ಬಾಕಿ ಟ್ರಾಫಿಕ್ ದಂಡ ಎಲ್ಲ ಕಟ್ಟಿ ಮುಗಿಸಿ.

ಇನ್ಶೂರೆನ್ಸ್‌ನಲ್ಲಿ ಜನ ಮರೆತುಬಿಡೋದು ಎನ್‌ಸಿಬಿ, ಅಂದ್ರೆ ಕ್ಲೈಮ್ ಮಾಡದಿದ್ದಕ್ಕೆ ಸಿಗೋ ರಿಯಾಯಿತಿ. ಐದು ವರ್ಷ ಕ್ಲೈಮ್ ಇಲ್ಲದಿದ್ರೆ 50% ರಿಯಾಯಿತಿ ನಿಮ್ಮದು, ಕಾರಿನದಲ್ಲ. ಟಿಟಿ ಹೆಸರು ಬದಲಾದ ಮೇಲೆ ಕಂಪನಿಯಿಂದ ಎನ್‌ಸಿಬಿ ರಿಟೆನ್ಷನ್ ಲೆಟರ್ ತಗೊಳ್ಳಿ, ಮೂರು ವರ್ಷ ನಡೆಯುತ್ತೆ, ಹೊಸ ಪಾಲಿಸಿಯ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿ) ಭಾಗಕ್ಕೆ ಹಾಕಿಸಿ. ಹಳೇ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ, ಮರೆತರೆ ಹೊಸ ಓನರ್ ಟೋಲ್ ನಿಮ್ಮ ಖಾತೆಯಿಂದ ಹೋಗ್ತಾ ಇರುತ್ತೆ.

ಮಾರಾಟ ಆಗೋ ತನಕ ಬ್ಯಾಟರಿ ಮೇಲೆ ಕಣ್ಣಿರಲಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ಶುರುವಾಗೋ ಸ್ಟಾರ್ಟ್-ಸ್ಟಾಪ್ ಇರೋದರಿಂದ ಅದರದು ಎಜಿಎಂ ಅನ್ನೋ ಬೇರೆ ಥರದ ಬ್ಯಾಟರಿ. 12.2 ವೋಲ್ಟ್ ಕೆಳಗೆ ಬಿಡಬೇಡಿ, ಎಜಿಎಂ ಮೋಡ್ ಇರೋ ಚಾರ್ಜರೇ ಹಾಕಿ.

ಸ್ಪ್ಯಾನರ್_ಸೆಟ್

ಹೈಬ್ರಿಡ್ ನೋಡೋಕೆ ಬೆಳಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ ಅಂತ ಮಾರೋರಿಗೆ ಹೇಳಿಡಿ. ಈ ಕಾರು 2022ರ ಮೇನಲ್ಲಿ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿತ್ತು. ಆದ್ದರಿಂದ ಮೊದಲ ಬ್ಯಾಚಿನ ಕಾರಾದರೆ ನೀರಿನ ಗುರುತು ಹುಡುಕೋದು ಮೊದಲ ಕೆಲಸ. ಹಿಂದಿನ ಸೀಟಿನ ಬೆಲ್ಟ್ ಕೊನೆ ತನಕ ಎಳೀರಿ. ಶಾಂಪೂ ಹಾಕಿ ತೊಳೆದ ಕಾರಲ್ಲೂ ಸುರುಳಿಯ ಒಳಭಾಗದ ಬೆಲ್ಟ್ ಯಾರೂ ತೊಳೆದಿರಲ್ಲ, ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತೆ. ಆಮೇಲೆ ಸೀಟ್ ಕೆಳಗಿನ ರೈಲಿನ ತುಕ್ಕು. ಕಾರ್ಪೆಟ್ ಮೂಲೆ ಎತ್ತಿ ಮೂಸಿ ನೋಡಿ.

ಹೈವೋಲ್ಟೇಜ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಅದಕ್ಕೆ ಸರ್ವಿಸ್ ಎಲ್ಲ ಕಂಪನಿಯಲ್ಲೇ ಆಗಿರಬೇಕು, ಚಾಸಿಸ್ ನಂಬರ್ ಕೊಟ್ಟು ಹಿಸ್ಟರಿ ಪ್ರಿಂಟ್ ತೆಗೆಸಿ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಮೇಲೆ ಟೇಪ್ ಸುತ್ತಿದ್ದು ಕಂಡರೆ ಅಲ್ಲಿಂದ ಎದ್ದು ಬನ್ನಿ, ಅದನ್ನು ಹೊರಗಿನವರು ಮುಟ್ಟಿದ್ದಾರೆ.

ಓಡಿಸೋವಾಗ ಬ್ರೇಕ್ ನಿಧಾನಕ್ಕೆ ಒತ್ತಿ ನಿಲ್ಲಿಸಿ. ಕೊನೆಯ ಹತ್ತಡಿಯಲ್ಲಿ ಕಿರ್ ಅನ್ನೋ ಸದ್ದು ಬಂದ್ರೆ ಹೆದರಬೇಡಿ: ಮೋಟರೇ ಹೆಚ್ಚು ನಿಲ್ಲಿಸೋದರಿಂದ ಡಿಸ್ಕ್ ಮೇಲೆ ತುಕ್ಕು ಕೂತಿರುತ್ತೆ, ನಾಲ್ಕೈದು ಸಲ ಜೋರಾಗಿ ಬ್ರೇಕ್ ಹಾಕಿದರೆ ಹೋಗುತ್ತೆ. ಹೋಗದಿದ್ದರೆ ಡಿಸ್ಕ್ ಅಂಚು ಮುಟ್ಟಿ ಸವೆತ ನೋಡಿ, ಅದನ್ನು ಬೆಲೆಯಲ್ಲಿ ಇಳಿಸಿ ಕೇಳಿ.