ಆರಂಭಕಾಲದ ಸೇನಾ ವಿಮಾನ ತರಬೇತಿಯಲ್ಲಿ ಅಷ್ಟೊಂದು ಸಾವುಗಳೇಕೆ?

ಪ್ರಶ್ನೆ: ಸರ್, ನಮಸ್ಕಾರ. ಸ್ಯಾನ್ ಡಿಯಾಗೋದ ತರಬೇತಿ ಶಾಲೆಯಲ್ಲಿ ಒಂದರ ಹಿಂದೊಂದು ಸಾವುಗಳಾದ ಮೇಲೆ, 1914ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆಯು ಹಿಂದುಗಡೆ ಇಂಜಿನ್ ಇರುವ ವಿಮಾನಗಳ ಬಳಕೆಯನ್ನೇ ಕೈಬಿಟ್ಟಿತೆಂದು ಓದಿದೆ. ಆರ್ವಿಲ್ ರೈಟ್ ಅವರು ಮಾತ್ರ ತಪ್ಪು ಪೈಲಟ್‌ಗಳದ್ದೆಂದೇ ವಾದಿಸಿದರಂತೆ. ನೀವು ಹಾರಾಟ ಕಲಿಸಿದವರು, ತಪ್ಪು ಯಾರದೆನ್ನುತ್ತೀರಿ?

ಉತ್ತರ: ನಮಸ್ಕಾರ. ಅಪಘಾತದ ಕಾರಣವನ್ನು ರೈಟ್ ಸರಿಯಾಗಿಯೇ ಗುರುತಿಸಿದ್ದರು, ಆದರೆ ಹೊಣೆಯನ್ನು ಹೊರಿಸಿದ ರೀತಿಯನ್ನು ನಾನು ಒಪ್ಪುವುದಿಲ್ಲ. ವಿಮಾನದ ಮೂಗನ್ನು ಅತಿಯಾಗಿ ಮೇಲೆತ್ತಿದಾಗ ರೆಕ್ಕೆ ಗಾಳಿಯನ್ನು ಎದುರಿಸುವ ಕೋನವು ಮಿತಿ ಮೀರಿ, ಗಾಳಿಯು ರೆಕ್ಕೆಯ ಮೇಲ್ಮೈಯಿಂದ ಬೇರ್ಪಟ್ಟು, ಎತ್ತುವ ಬಲ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತೇವೆ. ಆ ಕೋನವನ್ನು ತೋರಿಸುವ ಉಪಕರಣವೊಂದನ್ನು ರೈಟ್ ಅವರೇ ರೂಪಿಸಿದ್ದರೆಂದರೆ, ಅಪಾಯ ಎಲ್ಲಿದೆಯೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಅಂದಿನ ದುರ್ಬಲ ಇಂಜಿನ್‌ಗಳಿಂದಾಗಿ ವಿಮಾನ ಹಾರುವ ವೇಗಕ್ಕೂ ಸ್ಟಾಲ್ ಆಗುವ ವೇಗಕ್ಕೂ ನಡುವೆ ಅಂತರವೇ ಬಹಳ ಕಡಿಮೆಯಿತ್ತು, ಮತ್ತು ಕಲಿಯುವವನು ಹೆಚ್ಚಾಗಿ ಮುಖಕ್ಕೆ ಬಡಿಯುವ ಗಾಳಿಯಿಂದಲೇ ವೇಗವನ್ನು ಅಂದಾಜು ಮಾಡಬೇಕಿತ್ತು. ಇಷ್ಟು ಸಣ್ಣ ತಪ್ಪಿಗೆ ಪ್ರಾಣವನ್ನೇ ಕೇಳುವ ಯಂತ್ರವನ್ನು ಶಾಲೆಗೆ ಕೊಟ್ಟು, ಸತ್ತವನನ್ನು ದೂರುವುದು ನ್ಯಾಯವಲ್ಲ.

ಇನ್ನು ಇಂಜಿನ್‌ನ ಮಾತು. ರೈಟ್ 'ಸಿ' ಮಾದರಿಯಲ್ಲಿ ಪೈಲಟ್ ಮುಂದೆ ಯಾವ ಆಸರೆಯೂ ಇಲ್ಲದೆ ತೆರೆದ ಜಾಗದಲ್ಲಿ ಕೂರುತ್ತಿದ್ದನು. ವಿಮಾನವು ಮೂಗು ಕೆಳಗಾಗಿ ನೆಲಕ್ಕೆ ಅಪ್ಪಳಿಸಿದರೆ ಹಿಂದಿದ್ದ ಇಂಜಿನ್ ಕಿತ್ತುಬಂದು ಅವನನ್ನೇ ಜಜ್ಜುವ ಅಪಾಯವಿತ್ತು. ಬದುಕಿ ಉಳಿಯಬಹುದಾದ ಅಪಘಾತವೂ ಹೀಗೆ ಮಾರಣಾಂತಿಕವಾಗುತ್ತಿತ್ತು. ಆದ್ದರಿಂದ ಇಂಜಿನ್ ಮುಂದಿರುವ ವಿಮಾನಗಳತ್ತ ಸೇನೆ ಹೊರಳಿದ್ದು ಸರಿಯಾದ ನಿರ್ಧಾರ. ಅದೇ ವರ್ಷ ಗ್ರೋವರ್ ಲೋನಿಂಗ್ ಎಂಬ ವೈಮಾನಿಕ ಇಂಜಿನಿಯರ್ ಅನ್ನೂ ಶಾಲೆಗೆ ನೇಮಿಸಿಕೊಂಡರು. ಅದು ಇನ್ನೂ ಮೊದಲೇ ಆಗಬೇಕಿತ್ತು.

ಪ್ರಶ್ನೆ: ಹಾಗಾದರೆ ಇಂಜಿನ್ ಮುಂದಕ್ಕೆ ಬಂದ ಮೇಲೂ ಮೊದಲ ಮಹಾಯುದ್ಧದಲ್ಲಿ ತರಬೇತಿಯಲ್ಲೇ ಅಷ್ಟು ಜನ ಸತ್ತದ್ದೇಕೆ ಸರ್? ಸ್ಪಿನ್‌ನಿಂದ, ಅಂದರೆ ಸ್ಟಾಲ್ ಆದ ವಿಮಾನ ಸುತ್ತುತ್ತಾ ಬೀಳುವ ಸ್ಥಿತಿಯಿಂದ, ಹೊರಬರುವ ದಾರಿ ಯಾರಿಗೂ ತಿಳಿದಿರಲಿಲ್ಲವೇ?

ಉತ್ತರ: ತಿಳಿದವರಿದ್ದರು, ಕಲಿಸುವವರಿರಲಿಲ್ಲ. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಲಾರ್ಕ್‌ಹಿಲ್‌ನಲ್ಲಿ ವಿಲ್‌ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿಯ ಆವ್ರೊ ವಿಮಾನವು ಸುತ್ತುತ್ತಾ ಬೀಳತೊಡಗಿದಾಗ, ಅವರು ತಿರುಗುವ ದಿಕ್ಕಿಗೆ ವಿರುದ್ಧವಾಗಿ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ, ನೆಲಕ್ಕೆ ತೀರಾ ಸಮೀಪದಲ್ಲಿ ವಿಮಾನವನ್ನು ಹತೋಟಿಗೆ ತಂದರು. ಅನೇಕರು ನೋಡಿದ, ಚರ್ಚೆಯಾದ ಘಟನೆಯಿದು. ಆದರೂ ವರ್ಷಗಟ್ಟಲೆ ತರಬೇತಿಯ ಪಾಠವಾಗಲಿಲ್ಲ. (ಪಾರ್ಕ್ ಅದೇ ಡಿಸೆಂಬರಿನಲ್ಲಿ ಇನ್ನೊಂದು ವಿಮಾನದಲ್ಲಿ ಮಡಿದರು.) ಯುದ್ಧದ ಅವಸರದಲ್ಲಿ ಶಾಲೆಗಳು ಸ್ಪಿನ್ ಅನ್ನು ದೂರವಿಡಬೇಕಾದ ಭೂತದಂತೆ ಕಂಡವು. ಬೋಧಕರಲ್ಲಿ ಹಲವರು ರಣರಂಗದಿಂದ ದಣಿದು ಮರಳಿದವರು; ಗಾಳಿಯಲ್ಲಿ ಶಿಷ್ಯನೊಡನೆ ಮಾತನಾಡಬೇಕೆಂದರೆ ಇಂಜಿನ್ ಸದ್ದನ್ನು ಮೀರಿ ಕೂಗಬೇಕಿತ್ತು.

ಇದನ್ನು ಬದಲಿಸಿದವರು ಬ್ರಿಟಿಷ್ ಸೇನೆಯ ವೈಮಾನಿಕ ಅಧಿಕಾರಿ ರಾಬರ್ಟ್ ಸ್ಮಿತ್-ಬ್ಯಾರಿ. ಫ್ರಾನ್ಸಿನಲ್ಲಿ ಸ್ಕ್ವಾಡ್ರನ್ ನಡೆಸುತ್ತಿದ್ದಾಗ ಅರೆಬರೆ ಕಲಿತ ಹುಡುಗರನ್ನು ಕಳುಹಿಸುತ್ತಿದ್ದಾರೆಂದು ಮೇಲಧಿಕಾರಿಗಳಿಗೆ ದೂರಿದ ಅವರಿಗೆ, ನೀವೇ ಕಲಿಸಿ ತೋರಿಸಿ ಎಂಬಂತೆ ಇಂಗ್ಲೆಂಡಿನ ಗಾಸ್‌ಪೋರ್ಟ್‌ನ ತರಬೇತಿ ಘಟಕವನ್ನೇ ವಹಿಸಿದರು. 1917ರಲ್ಲಿ ಅಲ್ಲಿ ಎರಡು ಜೊತೆ ನಿಯಂತ್ರಣಗಳಿದ್ದ ಆವ್ರೊ 504 ವಿಮಾನಗಳಲ್ಲಿ, ಮಾತು ಕೇಳಿಸಲು ರಬ್ಬರ್ ಕೊಳವೆ ಅಳವಡಿಸಿ, ಬೋಧಕನು ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಸ್ಪಿನ್‌ಗೆ ಇಳಿಸಿ ಶಿಷ್ಯನ ಕೈಯಿಂದಲೇ ಹೊರತರಿಸುತ್ತಿದ್ದನು. ಅಪಾಯವನ್ನು ತಪ್ಪಿಸಿಕೊಳ್ಳುವ ಬದಲು ಕಾರಣಸಹಿತ ಅನುಭವಿಸಿ ತಿಳಿಯಬೇಕೆಂಬ ಆ ಕ್ರಮವೇ ನಾನು ಕಲಿತದ್ದು, ಕಲಿಸಿದ್ದು.

ಪ್ರಶ್ನೆ: ಅಲ್ಲಿಗೆ ಸಾವುಗಳು ನಿಂತವೇ ಸರ್?

ಉತ್ತರ: ಇಲ್ಲ. ಗಾಸ್‌ಪೋರ್ಟ್ ಮೊದಲು ಬೋಧಕರಿಗೆ ಕಲಿಸಿತು; ಅವರು ಉಳಿದ ಶಾಲೆಗಳಿಗೆ ಹೋಗಿ ಹಳೆಯ ಪದ್ಧತಿಯನ್ನು ಬದಲಿಸುವಷ್ಟರಲ್ಲಿ ಯುದ್ಧ ಮುಗಿಯುತ್ತಾ ಬಂದಿತ್ತು. ಯುದ್ಧದ ಕೊನೆಯವರೆಗೂ ತರಬೇತಿಯಲ್ಲಿ ಯುವಕರು ಸಾಯುತ್ತಲೇ ಇದ್ದರು.