ನವಣೆ ಸಲಾಡ್ ಮುದ್ದೆಯಾಗ್ತದೆ, ಪುದೀನ ಕಪ್ಪಾಗ್ತದೆ. ಸರಿಯಾದ ಕ್ರಮ ಯಾವುದು?

ಹಿತ್ತಿಲಸೊಪ್ಪು (ಉಡುಪಿ):
ಕೋಸಂಬರಿಯ ರುಚಿ ಇರಬೇಕು, ಆದರೆ ಊಟಕ್ಕೆ ಅದೊಂದೇ ಸಾಕಾಗಬೇಕು. ನಾಲ್ಕು ಜನಕ್ಕೆ. ನವಣೆ, ಇಡೀ ಗೋಧಿ, ಕೆಂಪು ಕುಚ್ಚಲಕ್ಕಿ ಉಂಟು. ಹಿತ್ತಿಲಲ್ಲಿ ತಿಮರೆ (ಒಂದೆಲಗ), ಪುದೀನ, ದೊಡ್ಡಪತ್ರೆ ಉಂಟು. ಒಂದು ಲೋಟ ನವಣೆಗೆ ಮೂರು ಲೋಟ ನೀರಿಟ್ಟು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರೆ ಮುದ್ದೆ. ಬೆರೆಸಿ ಒಂದು ಗಂಟೆಗೆ ತಳದಲ್ಲಿ ನೀರು ನಿಲ್ತದೆ, ಪುದೀನ ಕಪ್ಪಾಗ್ತದೆ.

ಕುಚ್ಚಲಕ್ಕಿ ಗಂಜಿ:
ಅದಕ್ಕೆ ಕುಕ್ಕರೇ ಬೇಡ ಮಾರಾಯ್ರೆ. ನವಣೆಯನ್ನು ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿ. ನೀರು ಪೂರ್ತಿ ಬಸಿದು ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಹುರಿಯಿರಿ. ಒಂದು ಲೋಟಕ್ಕೆ ಒಂದೂಮುಕ್ಕಾಲು ಲೋಟ ಕುದಿನೀರು ಹೊಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ 12 ನಿಮಿಷ. ಉರಿ ಆರಿಸಿದ ಮೇಲೆ 10 ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ತಡಮಾಡದೆ ಹರಿವಾಣದಲ್ಲಿ ತೆಳ್ಳಗೆ ಹರಡಿ. ಪಾತ್ರೆಯಲ್ಲೇ ಬಿಟ್ಟರೆ ತನ್ನ ಹಬೆಯಲ್ಲೇ ಇನ್ನಷ್ಟು ಬೆಂದು ಅಂಟುತ್ತದೆ.

ಸಲಾಡಿಗೆ ನನ್ನ ಆಯ್ಕೆ ಮಾತ್ರ ಇಡೀ ಗೋಧಿ. ರಾತ್ರಿ ನೆನೆಸಿ, ಮೂರು ಪಾಲು ನೀರಿಟ್ಟು, ಒಂದು ಸೀಟಿಯ ನಂತರ ಸಣ್ಣ ಉರಿಯಲ್ಲಿ 20 ನಿಮಿಷ. ಉಳಿದ ನೀರು ಬಸಿಯಿರಿ. ಹೊರಗಿನ ಸಿಪ್ಪೆ ಹಿಡಿದಿಡುವುದರಿಂದ ತುಸು ಹೆಚ್ಚು ಬೆಂದರೂ ಮುದ್ದೆಯಾಗುವುದಿಲ್ಲ. ಕುಚ್ಚಲಕ್ಕಿಯಾದರೆ ಧಾರಾಳ ನೀರಿನಲ್ಲಿ ಬೇಯಿಸಿ, ಅಗುಳು ಹಲ್ಲಿಗೆ ಸ್ವಲ್ಪ ಸಿಗುವಾಗಲೇ ತೆಳಿ ಬಸಿಯಬೇಕು.

ತಿಮರೆಚಟ್ನಿ:
ತಳದಲ್ಲಿ ನಿಲ್ಲುವುದು ಮುಳ್ಳುಸೌತೆಯ ನೀರು. ಉಪ್ಪು ತಾಗಿದ ಕೂಡಲೇ ಬಿಡ್ತದೆ. ತಿರುಳು ಬೀಜ ತೆಗೆದು ಹೆಚ್ಚಿ, ಕಾಲು ಚಮಚ ಉಪ್ಪು ಹಾಕಿ 15 ನಿಮಿಷ ಇಟ್ಟು ಹಿಂಡಿ.

ಸೊಪ್ಪು ಕಪ್ಪಾಗುವುದು ಎಲೆ ಜಜ್ಜಿಹೋಗುವುದರಿಂದ. ಒದ್ದೆ ಪುದೀನವನ್ನು ಮೊಂಡು ಕತ್ತಿಯಲ್ಲಿ ಕೊಚ್ಚಿದರೆ ರಸ ಹೊರಬಂದು ಗಾಳಿಗೆ ಕಪ್ಪಾಗ್ತದೆ. ಬಟ್ಟೆಯಲ್ಲಿ ಒರೆಸಿ, ಎಲೆಗಳನ್ನು ಸುರುಳಿ ಸುತ್ತಿ, ಹರಿತ ಚೂರಿಯಿಂದ ಒಂದೇ ಸಲ ಕೊಯ್ಯಿರಿ. ಬಿಸಿ ಧಾನ್ಯಕ್ಕೆ ಹಾಕಲೇಬೇಡಿ. ತಿಮರೆ ನೆಲಕ್ಕಂಟಿ ಬೆಳೆಯುವುದರಿಂದ ದಂಟಿನ ಬುಡದಲ್ಲಿ ಮಣ್ಣು ಕೂತಿರುತ್ತದೆ. ಹಸಿಯಾಗಿ ತಿನ್ನುವುದಾದ್ದರಿಂದ ಬಿಡಿಬಿಡಿಯಾಗಿ ನಾಲ್ಕು ನೀರಿನಲ್ಲಿ ತೊಳೆಯಿರಿ, ಚರಂಡಿ ಬದಿಯದ್ದು ಬೇಡವೇ ಬೇಡ.

ಒಂದು ಲೋಟ ಧಾನ್ಯಕ್ಕೆ ತಿಮರೆ ಒಂದು ಹಿಡಿ, ಪುದೀನ ಅರ್ಧ ಹಿಡಿ, ದೊಡ್ಡಪತ್ರೆ ಮೂರೇ ಎಲೆ. ದೊಡ್ಡಪತ್ರೆ ಹಸಿಯಾಗಿ ಹಾಕಿದರೆ ಬೇರೆ ಪರಿಮಳವನ್ನೆಲ್ಲ ನುಂಗಿಬಿಡ್ತದೆ. ಸಣ್ಣಗೆ ಹೆಚ್ಚಿ ಸಾಸಿವೆ, ಇಂಗು, ಕಾಯಿಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿ.

ಕುಚ್ಚಲಕ್ಕಿ ಗಂಜಿ:
ತಿಮರೆಚಟ್ನಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಧಾನ್ಯ ಬೆಚ್ಚಗಿರುವಾಗಲೇ ಅರ್ಧ ಲಿಂಬೆರಸ, ಮುಕ್ಕಾಲು ಚಮಚ ಉಪ್ಪು, ಒಗ್ಗರಣೆ ಬೆರೆಸಿ. ಪೂರ್ತಿ ತಣಿದ ಮೇಲೆ ಹಾಕಿದರೆ ಒಳಗೆ ಎಳೆಯುವುದಿಲ್ಲ, ಹೊರಗೆ ಹುಳಿ, ಒಳಗೆ ಸಪ್ಪೆ. ಮುಳ್ಳುಸೌತೆ, ಸೊಪ್ಪು, ಕಾಯಿತುರಿ, ಇನ್ನರ್ಧ ಲಿಂಬೆ ಬಡಿಸುವ ಮೊದಲು.

ಹಿತ್ತಿಲಸೊಪ್ಪು (ಉಡುಪಿ):
ತುಂಬಾ ಉಪಕಾರ. ಬೆಳಿಗ್ಗೆ ಮಾಡಿ ಮಂಗಳೂರಿಗೆ ಬುತ್ತಿ ತೆಗೆದುಕೊಂಡು ಹೋಗಬಹುದಾ? ಮಧ್ಯಾಹ್ನ ಒಂದಕ್ಕೆ ಊಟ.

ತಿಮರೆಚಟ್ನಿ:
ನಮ್ಮ ಸೆಕೆಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಬೆಂದ ಧಾನ್ಯದಲ್ಲಿ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಬಿಡ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ರಾತ್ರಿಯೇ ಬೇಯಿಸಿ, ಹರಡಿ ಬೇಗ ತಣಿಸಿ, ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಐಸ್ ಪ್ಯಾಕ್ ಇರುವ ಚೀಲದಲ್ಲಿ ಒಯ್ದು, ಆಫೀಸಿನಲ್ಲಿ ಫ್ರಿಜ್ ಇದ್ದರೆ ಅದಕ್ಕೆ ವರ್ಗಾಯಿಸಿ. ಸೊಪ್ಪು, ಲಿಂಬೆ ಬೇರೆ ಡಬ್ಬಿಯಲ್ಲಿ. ಕಾಯಿತುರಿ ಬೇಗ ಹಳಸುತ್ತದೆ, ಬುತ್ತಿಗೆ ಬಿಟ್ಟುಬಿಡಿ; ಬದಲಿಗೆ ಹುರಿದ ನೆಲಗಡಲೆ ಆಗ್ತದೆ. ಒಗ್ಗರಣೆಗೂ ಎಳ್ಳೆಣ್ಣೆ ಹಾಕಿ, ತೆಂಗಿನೆಣ್ಣೆ ಫ್ರಿಜ್ಜಿನಲ್ಲಿ ಬಿಳಿ ಗಟ್ಟಿಯಾಗಿ ಬಾಯಿಗೆ ಮೇಣದ ಹಾಗೆ ಸಿಗ್ತದೆ.